ಪಾಠ ಮುಗಿದ ಮೇಲೂ ಮೇಷ್ಟರು: ಕೆ.ಸಿ.ಎಸ್. ಪಣಿಕ್ಕರ್ ಮತ್ತು ಚೋಳಮಂಡಲ

ಡಿಪ್ಲೊಮಾ ಕೈಗೆ ಬಂದ ಮೇಲೆ ಚಿತ್ರ ಬರೆಯುವ ಹುಡುಗ ಹೊಟ್ಟೆಗೇನು ಮಾಡಬೇಕು? ಕಲಾಶಾಲೆಗಳ ಇತಿಹಾಸದಲ್ಲಿ ಈ ಪ್ರಶ್ನೆಗೆ ಜಾಗ ಸಿಗುವುದು ಕಡಿಮೆ. ಶಾಲೆ ಯಾವಾಗ ಶುರುವಾಯಿತು, ಯಾರು ಯಾರು ಪ್ರಿನ್ಸಿಪಾಲರಾದರು, ಯಾರಿಗೆ ಯಾವ ಪ್ರಶಸ್ತಿ ಬಂತು ಎಂಬುದರಲ್ಲೇ ಪುಟಗಳು ತುಂಬಿಹೋಗುತ್ತವೆ. ಮದರಾಸಿನ ಸರ್ಕಾರಿ ಕಲಾಶಾಲೆಯಲ್ಲಿ ಕಲಿತು, ಅಲ್ಲೇ ಮೇಷ್ಟರಾಗಿ, ಅಲ್ಲೇ ಪ್ರಿನ್ಸಿಪಾಲರಾಗಿ ನಿವೃತ್ತರಾದ ಕೆ.ಸಿ.ಎಸ್. ಪಣಿಕ್ಕರ್ ಈ ಪ್ರಶ್ನೆಯನ್ನು ತಮ್ಮ ಮನೆಯ ಪ್ರಶ್ನೆಯೆಂದೇ ತಿಳಿದರು. ಅದಕ್ಕೆ ಅವರು ಕಂಡುಕೊಂಡ ಉತ್ತರ ಮಹಾಬಲಿಪುರದ ದಾರಿಯಲ್ಲಿ, ಇಂಜಂಬಾಕ್ಕಂ ಎಂಬ ಊರಿನಲ್ಲಿ, ಇವತ್ತಿಗೂ ನಿಂತಿದೆ. 1966ರ ಏಪ್ರಿಲ್‌ನಲ್ಲಿ ಶುರುವಾದ ಚೋಳಮಂಡಲ ಕಲಾವಿದರ ಗ್ರಾಮಕ್ಕೆ 2026ರಲ್ಲಿ 60 ವರ್ಷ. ಪಣಿಕ್ಕರ್ ದೊಡ್ಡ ಚಿತ್ರಕಾರರೆಂಬುದನ್ನು ಬಲ್ಲವರೆಲ್ಲ ಒಪ್ಪುತ್ತಾರೆ. ಚಿತ್ರಕಾರರಾಗಿದ್ದುದಕ್ಕಿಂತಲೂ ದೊಡ್ಡ ಮೇಷ್ಟರು ಅವರು ಎಂದು ನಾನು ನಂಬಿದ್ದೇನೆ. ಏಕೆಂದು ಹೇಳಬೇಕಾದರೆ ಅವರ ಶಾಲೆಯ ಕಥೆಯಿಂದಲೇ ಹೊರಡಬೇಕು.

ಆ ಶಾಲೆ ಹುಟ್ಟಿದ್ದು 1850ರಲ್ಲಿ, ಅಲೆಕ್ಸಾಂಡರ್ ಹಂಟರ್ ಎಂಬ ಸರ್ಜನ್‌ನ ಕೈಯಲ್ಲಿ. ಹಂಟರನಿಗೆ ಬೇಕಾಗಿದ್ದದ್ದು ಕೈಕಸುಬು. ಮಡಕೆ, ಮರದ ಅಚ್ಚು, ಲೋಹದ ಕೆಲಸ, ಅದಕ್ಕೆ ಬೇಕಾಗುವಷ್ಟು ನಕ್ಷೆ ಬರೆಯುವ ವಿದ್ಯೆ. ಬ್ರಿಟಿಷ್ ಸರ್ಕಾರಕ್ಕೂ ಅಷ್ಟೇ ಸಾಕಿತ್ತು. ನಮ್ಮ ಅಡುಗೆಮನೆಗಳಿಗೆ ಬಂದ ಅಲ್ಯೂಮಿನಿಯಂ ಪಾತ್ರೆಗೂ ಈ ಶಾಲೆಗೂ ನಂಟಿದೆ ಎಂದರೆ ಇಂದಿನವರಿಗೆ ಆಶ್ಚರ್ಯವಾಗಬಹುದು. 1898ರ ಸುಮಾರಿಗೆ ಆಲ್ಫ್ರೆಡ್ ಚಾಟರ್ಟನ್ ಇದೇ ಶಾಲೆಯ ಕಾರ್ಖಾನೆಯಲ್ಲಿ ಅಲ್ಯೂಮಿನಿಯಂ ಪಾತ್ರೆ ಬಡಿಯುವ ಪ್ರಯೋಗ ಶುರುಮಾಡಿದ. ಮುಂದೆ 1912ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದು, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಕೈಗಾರಿಕಾ ಇಲಾಖೆಯ ನಿರ್ದೇಶಕನಾಗಿದ್ದವನೂ ಇದೇ ಚಾಟರ್ಟನ್. ಶಾಲೆಯ ಈ ಕಾರ್ಖಾನೆಯ ಬದಿಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಳ್ಳಬೇಕು. ಮುಂದೆ ಚಿತ್ರಕಾರರನ್ನು ಕಾಪಾಡಿದ್ದು ಆ ಬದಿಯೇ.

1929ರಲ್ಲಿ ದೇವಿಪ್ರಸಾದ್ ರಾಯ್ ಚೌಧುರಿ ಬಂದ ಮೇಲೆ ಶಾಲೆಯ ಮುಖವೇ ಬೇರೆಯಾಯಿತು. ಅವರು ಈ ಶಾಲೆಯ ಮೊದಲ ಭಾರತೀಯ ಮುಖ್ಯಸ್ಥರು. ಅವನೀಂದ್ರನಾಥ ಠಾಕೂರರ ಶಿಷ್ಯರು, ಅಂದರೆ ಅವರಿಗೂ ನಮ್ಮ ಚಿತ್ರಕಾರ ಕೆ. ವೆಂಕಟಪ್ಪನವರಿಗೂ ಒಂದೇ ಗುರುವಿನ ಸಂಬಂಧ. ಆದರೆ ಗುರುವಿನ ಮೃದು ಶೈಲಿಯನ್ನು ಅವರು ಹಿಡಿದು ಕೂರಲಿಲ್ಲ. ಮೈಕಟ್ಟು, ಸ್ನಾಯು, ದುಡಿಮೆ, ಬಿಸಿಲು, ಬೆವರು ಅವರ ವಸ್ತು. ಮರೀನಾ ಕಡಲತೀರದಲ್ಲಿ ಬಂಡೆಯನ್ನು ಮೀಟುತ್ತಿರುವ ಕಾರ್ಮಿಕರ ಶಿಲ್ಪವನ್ನು ನೋಡದೆ ಮದರಾಸಿನಿಂದ ಬಂದವರಿಲ್ಲ; ಅದು ಅವರದು. ಅವರ ಕಾಲದಲ್ಲಿ ಚಿತ್ರಕಲೆ, ಶಿಲ್ಪಕಲೆ ಶಾಲೆಯ ಮುಂಬಾಗಿಲಿಗೆ ಬಂದವು, ಕಸುಬು ಹಿತ್ತಲಿಗೆ ಸರಿಯಿತು. ಅದರಿಂದ ಆದ ಲಾಭ ದೊಡ್ಡದು. ನಷ್ಟವೂ ಇತ್ತು, ಅದನ್ನು ಗುರುತಿಸಿದ್ದು ಪಣಿಕ್ಕರ್.

ಪಣಿಕ್ಕರ್ ಹುಟ್ಟಿದ್ದು 1911ರ ಮೇ ತಿಂಗಳಲ್ಲಿ, ಕೊಯಮತ್ತೂರಿನಲ್ಲಿ. ಮನೆತನ ಮಲಬಾರಿನದು. ಶಾಲೆಗೆ ಹೋಗುತ್ತಿದ್ದ ದಿನಗಳಲ್ಲೇ ಪೊನ್ನಾನಿ ಕಡೆಯ ತೋಡು, ದೋಣಿ, ತೆಂಗಿನ ತೋಟ, ಮಳೆಗಾಲದ ಹಸಿರು ಕೈಗೆ ಹತ್ತಿದವು. ಹದಿಹರೆಯ ದಾಟುವ ಮೊದಲೇ ಅವರ ಜಲವರ್ಣಗಳು ಮದರಾಸಿನ ಪ್ರದರ್ಶನದಲ್ಲಿ ಕಾಣಿಸಿಕೊಂಡಿದ್ದವು. ಆದರೆ ಚಿತ್ರದಿಂದ ಮನೆ ನಡೆಯುವ ಕಾಲವಲ್ಲ ಅದು. ಕಾಲೇಜು ಅರ್ಧಕ್ಕೇ ನಿಂತಿತು, ತಂತಿ ಇಲಾಖೆಯ ನೌಕರಿ ಹಿಡಿದರು. ಅದನ್ನು ಬಿಟ್ಟು 1936ರಲ್ಲಿ ಕಲಾಶಾಲೆಗೆ ಸೇರಿದಾಗ ಅವರಿಗೆ 25 ವರ್ಷ. ಸಹಪಾಠಿಗಳಿಗಿಂತ ದೊಡ್ಡವರು, ಸಂಬಳದ ರುಚಿ ಕಂಡು ಅದನ್ನು ಬೇಡವೆಂದು ಬಂದವರು. ತಿಂಗಳ ಕೊನೆಯ ಲೆಕ್ಕ ಎಂಥದೆಂದು ಗೊತ್ತಿದ್ದ ಮನುಷ್ಯ ಮೇಷ್ಟರಾದದ್ದು ಅವರ ಶಿಷ್ಯರ ಪುಣ್ಯ. 1940ರಲ್ಲಿ ಕಲಿಕೆ ಮುಗಿಯಿತು, ಮರುವರ್ಷವೇ ಅದೇ ಶಾಲೆಯಲ್ಲಿ ಪಾಠ ಹೇಳಲು ನಿಂತರು.

ಪಾಠ ಶುರುಮಾಡಿದ ಮೂರೇ ವರ್ಷಕ್ಕೆ, 1944ರಲ್ಲಿ, ಪ್ರೋಗ್ರೆಸಿವ್ ಪೇಂಟರ್ಸ್ ಅಸೋಸಿಯೇಷನ್ ಕಟ್ಟಿದರು. ಮುಂಬಯಿಯ ಪ್ರೋಗ್ರೆಸಿವ್ ಗುಂಪಿನ ಬಗ್ಗೆ ಪುಸ್ತಕಗಳ ಮೇಲೆ ಪುಸ್ತಕ ಬಂದಿವೆ. ಅದು ಹುಟ್ಟಿದ್ದು 1947ರಲ್ಲಿ. ಮದರಾಸಿನ ಸಂಘ ಅದಕ್ಕಿಂತ ಮೂರು ವರ್ಷ ಹಳೆಯದು ಎಂಬ ಸಾದಾ ಸಂಗತಿಯನ್ನು ದಕ್ಷಿಣದವರಾದ ನಾವೇ ಗಟ್ಟಿಯಾಗಿ ಹೇಳುವುದಿಲ್ಲ. ಇನ್ನೊಂದು ವ್ಯತ್ಯಾಸ ನನಗೆ ಇನ್ನೂ ಮುಖ್ಯ. ಮುಂಬಯಿಯದು ಸಮವಯಸ್ಕ ಗೆಳೆಯರ ಗುಂಪು. ಮದರಾಸಿನದರಲ್ಲಿ ಮೇಷ್ಟರೂ ಶಿಷ್ಯರೂ ಒಂದೇ ಗೋಡೆಯ ಮೇಲೆ ಚಿತ್ರ ತೂಗುಹಾಕಿದರು. ಬೆಳಗ್ಗೆ ತಿದ್ದಿದ ಕೈ, ಸಂಜೆ ತಿದ್ದಿಸಿಕೊಂಡ ಹುಡುಗನ ಚಿತ್ರದ ಪಕ್ಕದಲ್ಲಿ ತನ್ನದನ್ನೂ ಇಟ್ಟು ನೋಡುವವರ ಮಾತಿಗೆ ಒಡ್ಡಿಕೊಂಡಿತು.

1954ರಲ್ಲಿ ಲಂಡನ್, ಪ್ಯಾರಿಸ್‌ಗಳಲ್ಲಿ ಪಣಿಕ್ಕರರ ಚಿತ್ರಗಳ ಪ್ರದರ್ಶನವಾಯಿತು. ವಾನ್ ಗೋ, ಗೋಗ್ಯಾಂ ಇವರ ಬಣ್ಣದಿಂದ ಕಲಿತಿದ್ದ ಅವರು ಅಲ್ಲಿಗೆ ಹೋಗಿ ಆ ಚಿತ್ರಗಳನ್ನೇ ಕಣ್ಣಾರೆ ಕಂಡರು. ಆ ನಂತರದ ವರ್ಷಗಳಲ್ಲಿ ಅವರ ಚಿತ್ರ ಬೆಳಕು-ನೆರಳಿನ ಕಡೆಯಿಂದ ರೇಖೆಯ ಕಡೆಗೆ ಹೊರಳಿತು. ಬುದ್ಧ, ಕ್ರಿಸ್ತ, ತಾಯಿ-ಮಗು, ತೋಟದಲ್ಲಿ ನಿಂತ ಜನ. ಶಾಲೆಯಿಂದ ಸ್ವಲ್ಪ ದೂರದಲ್ಲೇ ಎಗ್ಮೋರಿನ ಮ್ಯೂಸಿಯಂ ಇದೆ: ಚೋಳರ ಕಂಚು, ಅಮರಾವತಿಯ ಸುಣ್ಣಕಲ್ಲಿನ ಶಿಲ್ಪ ಎರಡೂ ಒಂದೇ ಆವರಣದಲ್ಲಿ. ಮದರಾಸಿನ ಚಿತ್ರಕಾರರಿಗೆಲ್ಲ ರೇಖೆಯ ಮೇಲಿರುವ ಮೋಹಕ್ಕೆ ಆ ಮ್ಯೂಸಿಯಂ ಅರ್ಧ ಕಾರಣವೆಂದು ನನಗೆ ಅನಿಸುತ್ತದೆ.

1957ರಲ್ಲಿ ರಾಯ್ ಚೌಧುರಿ ನಿವೃತ್ತರಾದರು, ಪಣಿಕ್ಕರ್ ಪ್ರಿನ್ಸಿಪಾಲರಾದರು. ಮುಂದಿನ ಹತ್ತು ವರ್ಷ ಮದರಾಸಿನ ಕಲೆಯ ಅತ್ಯಂತ ಹುರುಪಿನ ಕಾಲ. ಶಿಲ್ಪದಲ್ಲಿ ಎಸ್. ಧನಪಾಲ್, ಚಿತ್ರದಲ್ಲಿ ಎಲ್. ಮುನುಸ್ವಾಮಿ, ಮುಂದೆ ಎ.ಪಿ. ಸಂತಾನರಾಜ್, ಹೀಗೆ ಒಬ್ಬೊಬ್ಬರೂ ತಮ್ಮದೇ ದಾರಿಯ ಮೇಷ್ಟರುಗಳು. 1961ರಲ್ಲಿ ಪ್ರೋಗ್ರೆಸಿವ್ ಪೇಂಟರ್ಸ್ ಸಂಘದಿಂದ ‘ಆರ್ಟ್‌ಟ್ರೆಂಡ್ಸ್’ ಎಂಬ ಪತ್ರಿಕೆ ಹೊರಟಿತು. ಪ್ರಿನ್ಸಿಪಾಲರಾಗಿ ಪಣಿಕ್ಕರ್ ಮಾಡಿದ ಮುಖ್ಯ ಕೆಲಸವೆಂದರೆ ಹಿತ್ತಲಿಗೆ ಸರಿದಿದ್ದ ಕಸುಬಿನ ಬಾಗಿಲನ್ನು ಚಿತ್ರದ ಹುಡುಗರಿಗೆ ತೆರೆದದ್ದು. ಲೋಹದ ತಗಡು, ಮಣ್ಣು, ಬಟ್ಟೆ, ಬಣ್ಣದ ತೊಟ್ಟಿ ಎಲ್ಲವೂ ಚಿತ್ರಕಾರನ ಸಾಮಾನುಗಳೇ ಎಂದಾಯಿತು. ಪಿ.ವಿ. ಜಾನಕೀರಾಮ್ ತಾಮ್ರದ ತಗಡನ್ನು ಬಡಿದು, ಕತ್ತರಿಸಿ, ಅದರ ಮೇಲೆ ತಂತಿಯ ರೇಖೆ ಬೆಸೆದು ಮಾಡಿದ ವಿಗ್ರಹಗಳನ್ನು ನೋಡಬೇಕು. ಎದುರಿನಿಂದಷ್ಟೇ ನೋಡುವಂಥವು, ನಮ್ಮ ದೇವಸ್ಥಾನಗಳ ಪ್ರಭಾವಳಿ, ಕವಚಗಳ ವಂಶದವು. ಹಂಟರನ ಕಾಲದ ಲೋಹದ ಕೆಲಸಕ್ಕೂ ಇದಕ್ಕೂ ನಡುವೆ ಒಂದು ಶತಮಾನವೇ ಇದ್ದರೂ ಸುತ್ತಿಗೆಯ ವಿದ್ಯೆ ಅದೇ.

ಅವರ ಸ್ವಂತ ಚಿತ್ರದಲ್ಲಿ ದೊಡ್ಡ ತಿರುವು ಬಂದದ್ದೂ ಈ ಪ್ರಿನ್ಸಿಪಾಲಿಕೆಯ ನಡುವೆಯೇ, 1963ರ ಸುಮಾರಿಗೆ. ಕಾಮರ್ಸ್ ಓದುವ ಹುಡುಗನೊಬ್ಬನ ಲೆಕ್ಕದ ಪುಸ್ತಕದ ಒಂದು ಹಾಳೆ ಅವರ ಕಣ್ಣಿಗೆ ಬಿತ್ತು. ಅಂಕಿ, ಅಕ್ಷರ, ರೇಖಾಗಣಿತದ ಆಕೃತಿ ಎಲ್ಲ ಒಟ್ಟಿಗೆ ಸೇರಿ ಆ ಹಾಳೆ ನೋಡಲು ಸೊಗಸಾಗಿದೆ, ಇದರಲ್ಲಿ ಚಿತ್ರವಿದೆ ಎಂದು ಅವರಿಗೆ ಹೊಳೆಯಿತು. ‘ವರ್ಡ್ಸ್ ಅಂಡ್ ಸಿಂಬಲ್ಸ್’ ಎಂದು ಹೆಸರಾದ ಮಾಲೆ ಹೀಗೆ ಶುರುವಾಯಿತು, ಕೊನೆಯವರೆಗೂ ನಡೆಯಿತು.

ಆ ಮಾಲೆಯ ಒಂದು ಚಿತ್ರದ ಮುಂದೆ ಹೋಗಿ ನಿಂತವರಿಗೆ ಮೊದಲು ಅನಿಸುವುದು ಓದಬೇಕೆಂದು. ಸಾಲು ಸಾಲಾಗಿ ಅಕ್ಷರಗಳಿವೆ, ಮಲಯಾಳದ ದುಂಡು ಅಕ್ಷರಗಳಂತೆಯೇ ಇವೆ. ಓದಲು ಹೊರಟರೆ ಒಂದು ಪದವೂ ಹತ್ತುವುದಿಲ್ಲ. ಅಲ್ಲಲ್ಲಿ ಅಂಕಿಗಳ ಕೋಷ್ಟಕ. ಜಾತಕದ ಕುಂಡಲಿಯಂಥ ಚೌಕ. ಅದರೊಳಗೆ ಮೀನು, ಅದರ ಪಕ್ಕಕ್ಕೆ ಹಕ್ಕಿ, ಹಾವಿನ ಸುರುಳಿ, ಗುಣಾಕಾರದ ಗುರುತು. ಬಣ್ಣ ತೆಳುವು, ಗೋಡೆಗೆ ಬಳಿದು ವರ್ಷಗಳಾದಂತೆ ಕಾಣುತ್ತದೆ. ಮನೆಯಲ್ಲಿ ಹಳೆಯ ಪಂಚಾಂಗ, ತಾಳೆಗರಿ, ದೇವರ ಪೆಟ್ಟಿಗೆಯ ಯಂತ್ರದ ತಗಡು ಕಂಡು ಬೆಳೆದ ನಮ್ಮಂಥವರಿಗೆ ಈ ಚಿತ್ರಗಳನ್ನು ಯಾರೂ ವಿವರಿಸಬೇಕಾಗಿಲ್ಲ. ಅರ್ಥವಾಗದಿದ್ದರೂ ಕೈಮುಗಿಯುತ್ತಿದ್ದ ಆ ಬರಹಗಳ ಗಾಂಭೀರ್ಯ ಇಲ್ಲಿದೆ. ಆಧುನಿಕ ಚಿತ್ರ ಎಂದರೆ ಪಶ್ಚಿಮದ ಕಡೆ ನೋಡಿ ಬರೆಯುವುದು ಎಂದು ಅನೇಕರು ತಿಳಿದಿದ್ದ ದಿನಗಳಲ್ಲಿ ಪಣಿಕ್ಕರ್ ನಮ್ಮ ಕೋಣೆಯೊಳಗಿದ್ದದ್ದನ್ನೇ ತೆಗೆದು ತೋರಿಸಿದರು. ಈ ಮಾಲೆ ಇಲ್ಲದಿದ್ದರೆ ಮುಂದಿನ ಪೀಳಿಗೆಯ ದಕ್ಷಿಣದ ಚಿತ್ರಕಾರರು ಅಷ್ಟು ಧೈರ್ಯದಿಂದ ತಮ್ಮ ಊರಿನ ಆಕೃತಿಗಳಿಗೆ ಕೈಹಾಕುತ್ತಿರಲಿಲ್ಲ.

ಆದರೆ ಚಿತ್ರ ಕೊಳ್ಳುವವರಾದರೂ ಯಾರು? ಗ್ಯಾಲರಿಗಳು ಮುಂಬಯಿ, ದೆಹಲಿಗಳಲ್ಲಿದ್ದವು. ಮದರಾಸಿನಲ್ಲಿ ಸಂಗೀತ ಕಛೇರಿಗೆ, ಸೀರೆಗೆ, ಬಂಗಾರಕ್ಕೆ ಹಣವಿತ್ತು. ಗೋಡೆಯ ಮೇಲಿನ ಚಿತ್ರಕ್ಕೆ ಇರಲಿಲ್ಲ. ಐದಾರು ವರ್ಷ ಕಲಿತ ಹುಡುಗ ಹೊರಗೆ ಬಂದರೆ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟರಾಗಬೇಕು, ಜಾಹೀರಾತು ಕಂಪನಿಯಲ್ಲಿ ಅಕ್ಷರ ಬರೆಯಬೇಕು, ಪತ್ರಿಕೆಗೆ ಕಥೆಯ ಚಿತ್ರ ಹಾಕಬೇಕು, ಇಲ್ಲವೇ ನೇಕಾರರ ಸೇವಾ ಕೇಂದ್ರದಲ್ಲಿ ಸೀರೆಯ ವಿನ್ಯಾಸ ಮಾಡಬೇಕು. ಈ ಕೆಲಸಗಳಲ್ಲಿ ಕೀಳೇನೂ ಇಲ್ಲ. ಮಾತೃಭೂಮಿ ವಾರಪತ್ರಿಕೆಯಲ್ಲಿ ಎಂ.ವಿ. ದೇವನ್, ನಂಬೂದಿರಿ ಬರೆದ ರೇಖಾಚಿತ್ರಗಳು ಮಲಯಾಳ ಓದುಗರ ಮನೆಮನೆಯ ಆಸ್ತಿಯಾದವು. ಇಬ್ಬರೂ ಇದೇ ಶಾಲೆಯಿಂದ ಬಂದವರು. ಆದರೂ ದಿನವೆಲ್ಲ ಇನ್ನೊಬ್ಬರ ಕೆಲಸ ಮಾಡಿ ರಾತ್ರಿ ಉಳಿದ ಕಸುವಿನಲ್ಲಿ ತನ್ನ ಚಿತ್ರ ಬರೆಯುವವನು ಎಷ್ಟು ವರ್ಷ ಬರೆದಾನು? ಒಬ್ಬೊಬ್ಬರಾಗಿ ಕುಂಚ ಕೆಳಗಿಡುವುದನ್ನು ಪಣಿಕ್ಕರ್ ಕಂಡಿದ್ದರು.

ಉತ್ತರ ಸಿಕ್ಕಿದ್ದು ಹಂಟರನ ಹಿತ್ತಲಲ್ಲೇ. ಹೊತ್ತಿನ ಅರ್ಧ ಭಾಗ ಕಸುಬು, ಉಳಿದರ್ಧ ತಮ್ಮ ಚಿತ್ರ. ಕಸುಬಿನ ದುಡ್ಡು ಅನ್ನಕ್ಕೆ. ಚಿತ್ರವನ್ನು ಯಾರ ಮರ್ಜಿಗೂ ಬಗ್ಗಿಸಬೇಕಾಗಿಲ್ಲ. ಅರವತ್ತರ ದಶಕದ ಮೊದಲರ್ಧದಲ್ಲಿ ಪಣಿಕ್ಕರ್ ಮತ್ತು ಶಿಷ್ಯರು ಆರ್ಟಿಸ್ಟ್ಸ್ ಹ್ಯಾಂಡಿಕ್ರಾಫ್ಟ್ಸ್ ಅಸೋಸಿಯೇಷನ್ ಎಂಬ ಸಂಘ ಕಟ್ಟಿ ಬಾಟಿಕ್ ಬಟ್ಟೆ ಮಾಡಲು ತೊಡಗಿದರು.

ಬಾಟಿಕ್ ಕಷ್ಟದ ಕೆಲಸ. ಮೇಣವನ್ನು ಕರಗಿಸಿ, ಅದು ತಣ್ಣಗಾಗುವ ಮೊದಲೇ ಬಟ್ಟೆಯ ಮೇಲೆ ಕುಂಚದಲ್ಲಿ ಎಳೆಯಬೇಕು. ಮೇಣ ಕೂತ ಜಾಗಕ್ಕೆ ಬಣ್ಣ ಹತ್ತುವುದಿಲ್ಲ. ತಣ್ಣೀರಿನ ಬಣ್ಣದಲ್ಲಿ ಅದ್ದಿ, ಒಣಗಿಸಿ, ಮೊದಲ ಬಣ್ಣ ಉಳಿಯಬೇಕಾದಲ್ಲಿ ಮತ್ತೆ ಮೇಣ ಹಾಕಿ, ಮತ್ತೆ ಅದ್ದಬೇಕು. ಹಳದಿ, ಆಮೇಲೆ ಕೆಂಪು, ಆಮೇಲೆ ಕಂದು, ಹೀಗೆ ತಿಳಿಯಿಂದ ಗಾಢಕ್ಕೆ. ಬಟ್ಟೆ ಮಡಚಿದಲ್ಲಿ ಮೇಣ ಬಿರುಕು ಬಿಟ್ಟು ಒಳಗೆ ಬಣ್ಣ ಇಳಿದು ಎಲೆಯ ನರಗಳಂಥ ಗೆರೆ ಮೂಡುತ್ತದೆ. ಕೊನೆಗೆ ಕುದಿಯುವ ನೀರಿಗೆ ಹಾಕಿ ಮೇಣ ಬಿಡಿಸಬೇಕು. ಒಮ್ಮೆ ಎಳೆದ ಗೆರೆಯನ್ನು ಅಳಿಸುವಂತಿಲ್ಲ. ರೇಖೆಯಲ್ಲಿ ಪಳಗಿದ ಕೈಗೆ ಇದು ಹೇಳಿ ಮಾಡಿಸಿದ ಕಸುಬು. ಆ ಬಟ್ಟೆಗಳನ್ನು ಪ್ರದರ್ಶನಕ್ಕಿಟ್ಟಾಗ ಜನ ಕೊಂಡರು. ಚಿತ್ರಕ್ಕೆ ಹಣ ಕೊಡದ ಊರು ಚಿತ್ರಕಾರ ಮಾಡಿದ ಬಟ್ಟೆಗೆ ಸಂತೋಷದಿಂದ ಕೊಟ್ಟಿತು.

ಆ ಹಣದಿಂದ ಬಂದದ್ದು ಇಂಜಂಬಾಕ್ಕಂನ ನೆಲ. ಮೊದಲಿಗೆ ಎಂಟು ಎಕರೆ ಚಿಲ್ಲರೆ. ಸರ್ವೆ ಮರಗಳ ತೋಪು, ಮರಳು, ಪಕ್ಕದಲ್ಲಿ ಮೀನುಗಾರರ ಹಳ್ಳಿ, ಆಚೆ ಸಮುದ್ರ. ಇಂದು ಆ ರಸ್ತೆಯ ಇಕ್ಕೆಲದಲ್ಲೂ ಕಟ್ಟಡಗಳ ಸಾಲು. ಅಂದು ಊರಿನಿಂದ ಅಲ್ಲಿಗೆ ಹೋಗಿ ಮನೆ ಕಟ್ಟುವುದೆಂದರೆ ಮನೆಯವರು ತಲೆ ಚಚ್ಚಿಕೊಳ್ಳುವಂಥ ತೀರ್ಮಾನ. ವಿದ್ಯುತ್ತಿಲ್ಲದ ಆ ಜಾಗದಲ್ಲಿ ಹುಡುಗರು ತಮಗೆ ತಾವೇ ಗುಡಿಸಲು, ಸಣ್ಣ ಮನೆ ಎಬ್ಬಿಸಿಕೊಂಡರು. ಕೆಲಸಕ್ಕೆ ಒಂದು ಸಾಮಾನ್ಯ ಶೆಡ್ಡು. ಮುಂದೆ ‘ಭಾರತಿ’ ಎಂಬ ಬಯಲು ರಂಗಮಂದಿರ ಬಂತು. ಸರ್ಕಾರ ಕಟ್ಟಿಕೊಟ್ಟ ಕಾಲನಿಯಲ್ಲ, ಯಾವ ಧನಿಕನ ದಾನವೂ ಅಲ್ಲ. ಕಲಾವಿದರು ತಮ್ಮ ಕೈದುಡಿಮೆಯಿಂದ ಕೊಂಡ ಊರು. ಇಡೀ ಕಥೆಯಲ್ಲಿ ನನಗೆ ಅತ್ಯಂತ ಹೆಮ್ಮೆ ತರುವ ಸಂಗತಿ ಇದೇ. 1967ರಲ್ಲಿ ನಿವೃತ್ತರಾದ ಪಣಿಕ್ಕರ್ ಶಿಷ್ಯರ ನಡುವೆಯೇ ನೆಲೆಸಿದರು.

ಅಲ್ಲಿ ಉಳಿದವರ ಹೆಸರು ಹೇಳಹೊರಟರೆ ಪಟ್ಟಿಯಾಗುತ್ತದೆ. ಒಬ್ಬನನ್ನು ಮಾತ್ರ ಹೇಳದೆ ಇರಲಾರೆ: ಕೆ. ರಾಮಾನುಜಂ. ಮಾತು ತೊದಲುವ, ಮನಸ್ಸು ಆಗಾಗ ಕದಡುವ, ಲೋಕದ ಲೆಕ್ಕದಲ್ಲಿ ದಡ್ಡನೆನಿಸಿಕೊಂಡ ಹುಡುಗ. ಪೆನ್ನು ಮಸಿ ಹಿಡಿದರೆ ಅರಮನೆಗಳು, ಗೋಪುರಗಳು, ರೆಕ್ಕೆಯ ಪ್ರಾಣಿಗಳು, ಅಪ್ಸರೆಯರು ಹಾಳೆಯ ತುಂಬ ಒಂದಿಂಚೂ ಬಿಡದೆ ಹರಡಿಕೊಳ್ಳುತ್ತಿದ್ದವು. ಅವುಗಳ ನಡುವೆ ಎಲ್ಲೋ ಹ್ಯಾಟು ಹಾಕಿಕೊಂಡ ಅವನೇ ಇರುತ್ತಿದ್ದ. ಬೇರೆ ಯಾವ ಶಾಲೆಯಾದರೂ ಅವನನ್ನು ಮನೆಗೆ ಕಳಿಸಿಬಿಡುತ್ತಿತ್ತು. ಪಣಿಕ್ಕರ್ ಅವನಿಗೆ ಚೋಳಮಂಡಲದಲ್ಲಿ ಜಾಗ ಕೊಟ್ಟರು. 1973ರಲ್ಲಿ, ಇನ್ನೂ ಚಿಕ್ಕ ವಯಸ್ಸಿನಲ್ಲೇ, ಅವನು ತೀರಿಕೊಂಡ. ಊರೇ ಸೇರಿದರೂ ಅವನನ್ನು ಉಳಿಸಿಕೊಳ್ಳಲಾಗಲಿಲ್ಲ. ಆದರೆ ಅವನ ಚಿತ್ರಗಳು ಉಳಿದವು, ಇಂದು ಅವುಗಳನ್ನು ಹುಡುಕಿಕೊಂಡು ಬರುವವರಿದ್ದಾರೆ.

ಕನ್ನಡಿಗರಾದ ನಮಗೆ ಈ ಊರಿನೊಡನೆ ನೇರ ಸಂಬಂಧ ತಂದವರು ಎಸ್.ಜಿ. ವಾಸುದೇವ್. 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಅವರು ಕಲಾವಿಮರ್ಶಕ ಜಿ. ವೆಂಕಟಾಚಲಂ ಅವರ ಉತ್ತೇಜನದಿಂದ 1960ರಲ್ಲಿ ಮದರಾಸಿನ ಶಾಲೆಗೆ ಸೇರಿ, ಪಣಿಕ್ಕರರ ಶಿಷ್ಯರಾಗಿ, ಚೋಳಮಂಡಲದ ಸ್ಥಾಪಕರಲ್ಲಿ ಒಬ್ಬರಾದರು. ಅದೇ ವರ್ಷಗಳಲ್ಲಿ ಗಿರೀಶ ಕಾರ್ನಾಡರು ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್‌ನಲ್ಲಿದ್ದರು. ಪಟ್ಟಾಭಿರಾಮ ರೆಡ್ಡಿ, ಸ್ನೇಹಲತಾ ರೆಡ್ಡಿ ಅವರ ಬಳಗವೂ ಅಲ್ಲೇ. ಅನಂತಮೂರ್ತಿಯವರ ‘ಸಂಸ್ಕಾರ’ 1970ರಲ್ಲಿ ಇದೇ ಬಳಗದ ಕೈಯಲ್ಲಿ ಸಿನಿಮಾ ಆದಾಗ ಅದರ ಕಲಾನಿರ್ದೇಶಕರು ವಾಸುದೇವ್. ರಾಷ್ಟ್ರಮಟ್ಟದಲ್ಲಿ ಅತ್ಯುತ್ತಮ ಚಿತ್ರವೆಂಬ ಸ್ವರ್ಣ ಕಮಲ ಪಡೆದ ಮೊದಲ ಕನ್ನಡ ಸಿನಿಮಾದ ಹಿಂದೆ ಇಂಜಂಬಾಕ್ಕಂನ ಮರಳಿನ ಪಾಲೂ ಇದೆ ಎಂಬುದನ್ನು ನಮ್ಮ ಸಿನಿಮಾ ಚರಿತ್ರೆ ಬರೆಯುವವರು ಗಮನಿಸಬೇಕು. ಬೇಂದ್ರೆಯವರ ಕಾವ್ಯದ ಕಲ್ಪವೃಕ್ಷ ವಾಸುದೇವರ ಕ್ಯಾನ್‌ವಾಸಿನಲ್ಲಿ ‘ವೃಕ್ಷ’ ಮಾಲೆಯಾಯಿತು. ಅದೇ ಮರವನ್ನು ಅವರು ತಾಮ್ರದ ತಗಡಿನಲ್ಲೂ ಉಬ್ಬಿಸಿದರು, ಮುಂದೆ ನೇಕಾರರೊಡನೆ ಕೂತು ರೇಷ್ಮೆಯ ಟ್ಯಾಪೆಸ್ಟ್ರಿಯಲ್ಲೂ ನೇಯಿಸಿದರು. ಚಿತ್ರಕ್ಕೂ ಕಸುಬಿಗೂ ನಡುವೆ ಗೋಡೆ ಬೇಡ ಎಂಬ ಪಣಿಕ್ಕರರ ಪಾಠ ಅಕ್ಷರಶಃ ನಡೆದದ್ದು ಹೀಗೆ. ವಾಸುದೇವರ ಪತ್ನಿ ಅರ್ನವಾಜ್ ಕೂಡ ಚೋಳಮಂಡಲದ ಮುಖ್ಯ ಕಲಾವಿದೆ. 1988ರಲ್ಲಿ ಅಕಾಲದಲ್ಲಿ ತೀರಿಕೊಂಡರು. ಆ ನಂತರ ವಾಸುದೇವ್ ಬೆಂಗಳೂರಿಗೆ ಬಂದು ನೆಲೆಸಿದರು. ಇದೇ ಕಲಾಶಾಲೆಯಲ್ಲಿ ಶಿಲ್ಪ ಕಲಿತ ಬಾಲನ್ ನಂಬಿಯಾರ್ ಕೂಡ ಬೆಂಗಳೂರನ್ನೇ ಕಾರ್ಯಕ್ಷೇತ್ರ ಮಾಡಿಕೊಂಡರು.

ಎಲ್ಲರೂ ಚೋಳಮಂಡಲದಲ್ಲೇ ಉಳಿಯಲಿಲ್ಲ. ವಿಶ್ವನಾಥನ್, ಅಕ್ಕಿತ್ತಂ ನಾರಾಯಣನ್ ಪ್ಯಾರಿಸ್‌ಗೆ ಹೋದರು. ಕೆ.ವಿ. ಹರಿದಾಸನ್ ಕೇರಳದಲ್ಲಿ ಪಾಠ ಹೇಳಿದರು. ಚಿತ್ರಗಳಿಗೇ ಕೊಳ್ಳುವವರು ಸಿಗತೊಡಗಿದ ಮೇಲೆ ಬಾಟಿಕ್ ಹಿಂದೆ ಬಿತ್ತು. ಮೊದಲ ಪೀಳಿಗೆಯಲ್ಲಿ ಹೆಣ್ಣುಮಕ್ಕಳು ಕೈಬೆರಳೆಣಿಕೆಯಷ್ಟು ಎಂಬ ಕೊರತೆಯನ್ನೂ ಹೇಳಲೇಬೇಕು. ಅಲ್ಲಿ ಒಂದೇ ಶೈಲಿ ಹುಟ್ಟಲಿಲ್ಲ ಎಂದು ಆಕ್ಷೇಪಿಸಿದವರೂ ಉಂಟು. ನನಗೆ ಅದೇ ಮೇಷ್ಟರ ಗೆಲುವಾಗಿ ಕಾಣುತ್ತದೆ. ಪಣಿಕ್ಕರರಂತೆ ಬರೆಯುವ ಪಣಿಕ್ಕರರ ಶಿಷ್ಯರು ಕಡಿಮೆ. ಮಗ ಎಸ್. ನಂದಗೋಪಾಲ್ ಕೂಡ ತಂದೆಯ ಕುಂಚ ಹಿಡಿಯದೆ ಲೋಹದ ಶಿಲ್ಪಿಯಾದರು, ಗ್ರಾಮದ ಆಡಳಿತದ ಹೊರೆಯನ್ನು 2017ರಲ್ಲಿ ತೀರಿಕೊಳ್ಳುವವರೆಗೂ ಹೊತ್ತರು.

ಪಣಿಕ್ಕರ್ ತೀರಿಕೊಂಡದ್ದು 1977ರ ಜನವರಿಯಲ್ಲಿ. ಅವರ ಚಿತ್ರಗಳ ಒಂದು ದೊಡ್ಡ ಗುಚ್ಛ ತಿರುವನಂತಪುರದ ಮ್ಯೂಸಿಯಂ ಆವರಣದಲ್ಲಿ ಅವರದೇ ಹೆಸರಿನ ಗ್ಯಾಲರಿಯಲ್ಲಿದೆ. ಚೋಳಮಂಡಲದಲ್ಲಿ 2009ರಲ್ಲಿ ಹೊಸ ಕಲಾಕೇಂದ್ರ ಶುರುವಾಗಿ, ಮದರಾಸಿನ ಈ ಇಡೀ ಚಳವಳಿಯ ಕೃತಿಗಳನ್ನು ಒಂದೆಡೆ ನೋಡುವ ಮ್ಯೂಸಿಯಂ ಸಾರ್ವಜನಿಕರಿಗೆ ತೆರೆದುಕೊಂಡಿತು.

ಒಂದು ಕೋರಿಕೆ ಉಳಿದಿದೆ. ಚಿತ್ರಗಳು ಮ್ಯೂಸಿಯಂ ಸೇರಿದವು. ಆ ಊರನ್ನು ಕೊಂಡುಕೊಟ್ಟ ಬಾಟಿಕ್ ಬಟ್ಟೆಗಳು ಮನೆಗಳನ್ನು ಸೇರಿದವು. ಪರದೆಯಾಗಿ, ದುಪಟ್ಟಾವಾಗಿ, ಗೋಡೆಯ ತೂಗುಬಟ್ಟೆಯಾಗಿ ಬಳಕೆಯಾಗಿ ಎಷ್ಟೋ ಹರಿದುಹೋಗಿರಬೇಕು. ಅರವತ್ತು, ಎಪ್ಪತ್ತರ ದಶಕದಲ್ಲಿ ಮದರಾಸಿನಲ್ಲಿ ಓದಿದ, ಕೆಲಸ ಮಾಡಿದ ಕನ್ನಡ ಕುಟುಂಬಗಳು ಬೆಂಗಳೂರು, ಮೈಸೂರುಗಳಲ್ಲಿ ಎಷ್ಟೋ ಇವೆ. ಇದನ್ನು ಓದುತ್ತಿರುವವರು ಮನೆಯ ಟ್ರಂಕನ್ನು ಒಮ್ಮೆ ತೆಗೆದು ನೋಡಿ. ಆ ಕಾಲದ ಬಾಟಿಕ್ ತುಂಡು, ಪ್ರದರ್ಶನದ ಕರೆಯೋಲೆ, ‘ಆರ್ಟ್‌ಟ್ರೆಂಡ್ಸ್’ನ ಹಳೆಯ ಸಂಚಿಕೆ ಸಿಕ್ಕರೆ ಎಸೆಯಬೇಡಿ. ಒಂದು ಫೋಟೊ ತೆಗೆದು, ಎಲ್ಲಿ ಯಾರಿಂದ ಕೊಂಡದ್ದೆಂದು ನೆನಪಿದ್ದಷ್ಟನ್ನು ಬರೆದಿಟ್ಟು, ಚೋಳಮಂಡಲದ ಮ್ಯೂಸಿಯಂಗೆ ತಿಳಿಸಿ.